ಮಾರಿಸ್ ಮೈನರ್ ಬ್ರೇಕ್: ಸೀಲ್ ಕಿಟ್ ಸಾಕೇ, ಬೋರ್‌ಗೆ ಸ್ಲೀವ್ ಹಾಕಿಸಬೇಕೇ, ಹೊಸ ಸಿಲಿಂಡರನ್ನೇ ತರಬೇಕೇ?

ಹಳೆಯಚಕ್ರ ಕೇಳಿದ ಪ್ರಶ್ನೆ

ನನ್ನ ಬಳಿ 1963ರ ಮಾರಿಸ್ ಮೈನರ್ 1000 ಕಾರು ಇದೆ. 1098 ಸಿ.ಸಿ. ಎಂಜಿನ್ ಬಂದ ನಂತರದ ಗಾಡಿಯಾದ್ದರಿಂದ ಮುಂದಿನ ಬ್ರೇಕ್ ಡ್ರಮ್‌ಗಳು 8 ಇಂಚಿನವು, ಹಿಂದಿನವು 7 ಇಂಚಿನವು. ಹಲವು ವರ್ಷ ಓಡದೆ ನಿಂತಿದ್ದ ಗಾಡಿ ಇದು. ಎಂಜಿನ್ ಮತ್ತು ಗೇರ್ ಬಾಕ್ಸ್ ಕೆಲಸ ಮುಗಿದಿದೆ. ರಸ್ತೆಗೆ ಇಳಿಸುವ ಮೊದಲು ಬ್ರೇಕ್ ವ್ಯವಸ್ಥೆಯನ್ನು ಪೂರ್ತಿಯಾಗಿ ಸರಿಪಡಿಸಬೇಕೆಂಬುದು ನನ್ನ ಸಂಕಲ್ಪ.

ಈಗ ಕಾಣುತ್ತಿರುವ ತೊಂದರೆಗಳು ಮೂರು. ಮೊದಲನೆಯದು, ಪೆಡಲ್ ಒತ್ತಿದ ಕೂಡಲೇ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಒತ್ತಡವನ್ನು ಹಾಗೆಯೇ ಹಿಡಿದುಕೊಂಡರೆ ನಿಧಾನವಾಗಿ ಕೆಳಗಿಳಿದು ಕಡೆಗೆ ನೆಲಕ್ಕೆ ತಾಗುತ್ತದೆ. ಬಿಟ್ಟು ಮತ್ತೆ ಒತ್ತಿದರೆ ಪುನಃ ಮೇಲೆಯೇ ಸಿಗುತ್ತದೆ. ಎರಡನೆಯದು, ಎಡಗಡೆ ಹಿಂಚಕ್ರದ ಬ್ಯಾಕ್ ಪ್ಲೇಟಿನ (ಡ್ರಮ್ಮಿನ ಹಿಂದಿನ ತಗಡಿನ) ಕೆಳ ಅಂಚು ಸದಾ ಒದ್ದೆಯಾಗಿರುತ್ತದೆ. ಡ್ರಮ್ ಬಿಚ್ಚಿ, ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಬೂಟಿನ ಅಂಚನ್ನು ಎತ್ತಿ ನೋಡಿದಾಗ ಕಂದುಬಣ್ಣದ ದ್ರವ ಒಸರಿತು. ಮೂರನೆಯದು, ಬ್ರೇಕ್ ಹಾಕಿ ಬಿಟ್ಟ ಮೇಲೆ ಬಲಗಡೆಯ ಮುಂಚಕ್ರ ಕೈಯಿಂದ ತಿರುಗಿಸಲಾಗದಷ್ಟು ಬಿಗಿಯಾಗಿಯೇ ಉಳಿದು, ಕೆಲವು ನಿಮಿಷಗಳ ನಂತರ ತಾನಾಗಿಯೇ ಸಡಿಲವಾಗುತ್ತದೆ.

ಸಿಲಿಂಡರುಗಳಿಗೆ ಹೊಸ ಸೀಲ್ ಕಿಟ್ ಹಾಕಿದರೆ ಸಾಕಾಗುತ್ತದೆಯೇ, ಅಥವಾ ಸಿಲಿಂಡರುಗಳನ್ನೇ ಬದಲಾಯಿಸುವುದು ಒಳ್ಳೆಯದೇ? ಈಗ ತಯಾರಾಗುತ್ತಿರುವ ಬದಲಿ ಭಾಗಗಳ ಗುಣಮಟ್ಟದ ಬಗ್ಗೆ ಬೇರೆ ಬೇರೆ ಮಾತು ಕೇಳಿದ್ದೇನೆ. ಹಳೆಯ ಎರಕದ ಸಿಲಿಂಡರನ್ನೇ ಕೊರೆಸಿ ಒಳಗೆ ಸ್ಲೀವ್ (ಲೋಹದ ಕೊಳವೆ) ಹಾಕಿಸುವವರೂ ಇದ್ದಾರೆ. ಯಾವುದನ್ನು ಯಾವ ಆಧಾರದ ಮೇಲೆ ತೀರ್ಮಾನಿಸಬೇಕು ಎಂದು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ. ಸಿಲಿಕೋನ್ ಬ್ರೇಕ್ ದ್ರವಕ್ಕೆ ಬದಲಾಗುವ ವಿಚಾರವೂ ಮನಸ್ಸಿನಲ್ಲಿದೆ.

ಬೋರ್‌ಗೇಜ್ ನೀಡಿದ ಉತ್ತರ

ನೀವು ಲಕ್ಷಣಗಳನ್ನು ಬಿಡಿಬಿಡಿಯಾಗಿ ಗಮನಿಸಿ ಬರೆದಿರುವುದರಿಂದ ಉತ್ತರ ಹೇಳುವುದು ಸುಲಭವಾಗಿದೆ. ನಿಮ್ಮ ಗಾಡಿಯಲ್ಲಿ ಇರುವುದು ಒಂದು ರೋಗವಲ್ಲ, ಮೂರು ಬೇರೆ ಬೇರೆ ರೋಗಗಳು. ಮೂರಕ್ಕೂ ಮೂಲ ಮಾತ್ರ ಒಂದೇ: ನೀರು ಹೀರಿಕೊಂಡ ಹಳೆಯ ದ್ರವ, ಮತ್ತು ವಯಸ್ಸಾದ ರಬ್ಬರ್.

ಹಿಡಿದುಕೊಂಡಿದ್ದ ಪೆಡಲ್ ನಿಧಾನವಾಗಿ ಇಳಿಯುವುದು, ಆದರೆ ಬ್ರೇಕ್ ದ್ರವದ ಟ್ಯಾಂಕಿನ ಮಟ್ಟ ಅದಕ್ಕೆ ತಕ್ಕಷ್ಟು ಕಡಿಮೆಯಾಗದಿರುವುದು, ಇವೆರಡೂ ಸೇರಿದರೆ ಪೆಡಲಿನ ಬಲದಿಂದ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಮುಖ್ಯ ಕಪ್ (ಪಿಸ್ಟನ್ನಿನ ಮುಂದಿನ ರಬ್ಬರ್ ಸೀಲ್) ಒತ್ತಡವನ್ನು ತಡೆದು ನಿಲ್ಲಿಸುತ್ತಿಲ್ಲ ಎಂದೇ ಅರ್ಥ. ದ್ರವ ಕಪ್ಪಿನ ಅಂಚನ್ನು ದಾಟಿ ಹಿಂದಕ್ಕೆ ಟ್ಯಾಂಕಿಗೇ ಸೇರುತ್ತಿದೆ. ಗಾಳಿ ಸೇರಿಕೊಂಡಿದ್ದರೆ ಪೆಡಲ್ ಮೆತ್ತಗೆ ಸ್ಪಂಜಿನಂತೆ ಇರುತ್ತಿತ್ತು. ಶೂಗಳ ಹೊಂದಾಣಿಕೆ ಸಡಿಲವಾಗಿದ್ದರೆ ಮೊದಲ ಒತ್ತಿಗೆ ಕೆಳಗೂ ಎರಡನೆಯ ಒತ್ತಿಗೆ ಮೇಲೂ ಸಿಗುತ್ತಿತ್ತು. ಈ ಮೂರನ್ನು ಬೇರ್ಪಡಿಸಿ ಗುರುತಿಸದೆ ಬಿಚ್ಚಲು ಹೊರಟವರು ಚೆನ್ನಾಗಿರುವ ಭಾಗವನ್ನು ಬದಲಿಸಿ, ಕೆಟ್ಟ ಭಾಗವನ್ನು ಹಾಗೆಯೇ ಬಿಟ್ಟಿರುವುದನ್ನು ಕಂಡಿದ್ದೇನೆ.

ಬಲ ಮುಂಚಕ್ರದ ಬಿಗಿತಕ್ಕೆ ನಾನು ಮೊದಲು ಅನುಮಾನಿಸುವುದು ರಬ್ಬರ್ ಹೋಸ್ ಪೈಪನ್ನು. ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಹಳೆಯ ಹೋಸ್‌ನ ಒಳಪದರ ಊದಿಕೊಂಡು ಅಥವಾ ಸಿಪ್ಪೆಯೆದ್ದು ದಾರಿಯನ್ನು ಕಿರಿದು ಮಾಡಿರುತ್ತದೆ. ಕಾಲಿನ ಬಲ ದ್ರವವನ್ನು ಅದರ ಮೂಲಕ ಆಚೆಗೆ ತಳ್ಳುತ್ತದೆ, ಆದರೆ ಹಿಂದಕ್ಕೆ ಬರುವಾಗ ತಳ್ಳುವುದು ಶೂಗಳ ಸ್ಪ್ರಿಂಗ್ ಮಾತ್ರವಾದ್ದರಿಂದ ದ್ರವ ಹನಿಹನಿಯಾಗಿಯೇ ಮರಳಬೇಕಾಗುತ್ತದೆ. ಪರೀಕ್ಷೆ ಸರಳವಾಗಿದೆ: ಚಕ್ರ ಬಿಗಿಯಾಗಿರುವಾಗಲೇ ಆ ಚಕ್ರದ ಬ್ಲೀಡ್ ನಿಪ್ಪಲನ್ನು (ಗಾಳಿ ತೆಗೆಯುವ ತಿರುಪನ್ನು) ಸ್ವಲ್ಪ ಸಡಿಲಿಸಿ. ದ್ರವ ಚಿಮ್ಮಿ ಚಕ್ರ ಕೂಡಲೇ ಬಿಡುಗಡೆಯಾದರೆ ಒತ್ತಡ ಉಳಿದುಕೊಂಡಿತ್ತೆಂದು ಖಚಿತವಾಗುತ್ತದೆ. ಒಂದೇ ಚಕ್ರದಲ್ಲಿ ಹೀಗಾದರೆ ದೋಷ ಹೋಸ್‌ನದ್ದು. ನಾಲ್ಕೂ ಚಕ್ರಗಳಲ್ಲಿ ಹೀಗಾದರೆ ಮಾಸ್ಟರ್ ಸಿಲಿಂಡರಿನೊಳಗಿನ ಮರುಹರಿವಿನ ರಂಧ್ರ ಮುಚ್ಚಿಕೊಂಡಿದೆ. ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಡದಿದ್ದರೆ ಪಿಸ್ಟನ್ ತುಕ್ಕಿನಿಂದ ಸಿಲಿಂಡರಿನಲ್ಲೇ ಹಿಡಿದುಕೊಂಡಿದೆ, ಅಥವಾ ಶೂಗಳ ಸ್ಪ್ರಿಂಗ್ ಸೋತಿದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಸೀಲ್ ಕಿಟ್ ಸಾಕೇ ಎಂಬುದನ್ನು ತೀರ್ಮಾನಿಸಬೇಕಾದದ್ದು ಬೋರಿನ, ಅಂದರೆ ಪಿಸ್ಟನ್ ಆಡುವ ಸಿಲಿಂಡರಿನ ಟೊಳ್ಳಿನ, ಒಳಮೈ. ಬೆಲೆಯಾಗಲಿ, ಹಠವಾಗಲಿ, ಯಾರದೋ ಮಾತಾಗಲಿ ಅಲ್ಲ. ಸಿಲಿಂಡರನ್ನು ಪೂರ್ತಿ ಬಿಚ್ಚಿ, ಬೋರನ್ನು ಮಿಥೈಲೇಟೆಡ್ ಸ್ಪಿರಿಟ್‌ನಿಂದ ತೊಳೆದು ಒಣಗಿಸಿ, ಒಂದು ತುದಿಯಿಂದ ಬೆಳಕು ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಯಾವುದನ್ನೂ ಹತ್ತಿರ ತರಬೇಡಿ. ಬ್ರೇಕಿನ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ಸೋಕಿದರೆ ಅದು ಊದಿಕೊಳ್ಳುತ್ತದೆ, ಊದಿಕೊಂಡ ಸೀಲ್ ಮತ್ತೆ ತನ್ನ ಅಳತೆಗೆ ಬರುವುದಿಲ್ಲ.

ಬೋರಿನಲ್ಲಿ ಮುಖ್ಯವಾಗಿ ನೋಡಬೇಕಾದ ಜಾಗಗಳು ಎರಡು. ನೀರು ದ್ರವಕ್ಕಿಂತ ಭಾರವಾಗಿರದಿದ್ದರೂ ಕೆಸರು ಬೋರಿನ ತಳಭಾಗದಲ್ಲೇ ಕೂರುವುದರಿಂದ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಇನ್ನೊಂದು, ಗಾಡಿ ನಿಂತಿದ್ದಷ್ಟು ಕಾಲ ಕಪ್ಪಿನ ಅಂಚು ಒಂದೇ ಜಾಗದಲ್ಲಿ ಕೂತಿದ್ದ ಗೆರೆ. ಅಲ್ಲಿ ಬೆರಳಿನ ಉಗುರನ್ನು ಬೋರಿನ ಉದ್ದಕ್ಕೆ ಮೆಲ್ಲಗೆ ಎಳೆಯಿರಿ. ಕಂದು ಕಲೆ ಕಣ್ಣಿಗೆ ಕಂಡು ಉಗುರಿಗೆ ಸಿಗದಿದ್ದರೆ ಅದು ಬರೀ ಕಲೆ. ನುಣುಪು ಕಲ್ಲಿನ ಹೋನ್ (ಬೋರಿನ ಒಳಮೈ ಉಜ್ಜುವ ಉಪಕರಣ) ಅನ್ನು ಬ್ರೇಕ್ ದ್ರವದಲ್ಲಿ ನೆನೆಸಿ ಹಗುರವಾಗಿ ಆಡಿಸಿದರೆ ಹೋಗುತ್ತದೆ, ಹೊಸ ಸೀಲ್ ಹಾಕಿ ನಿಶ್ಚಿಂತೆಯಿಂದ ಇರಬಹುದು. ಉಗುರು ಎಡವಿದರೆ ಅದು ಗುಳಿ. ಗುಳಿಯನ್ನು ಹೋನ್ ಮಾಡಿ ತೆಗೆಯಲು ಹೋಗಬೇಡಿ. ಗುಳಿ ಮಾಯವಾಗುವಷ್ಟು ಉಜ್ಜಿದರೆ ಬೋರ್ ತನ್ನ ಅಳತೆಯನ್ನು ಮೀರಿ ಅಗಲವಾಗುತ್ತದೆ. ಆಗ ಪಿಸ್ಟನ್ ಮತ್ತು ಬೋರಿನ ನಡುವಿನ ಸಂದಿಗೆ ಒತ್ತಡದಲ್ಲಿ ಕಪ್ಪಿನ ಅಂಚು ತೂರಿಕೊಂಡು ಹರಿಯುತ್ತದೆ. ಗುಳಿಬಿದ್ದ ಬೋರಿಗೆ ಕಿಟ್ ಹಾಕಿದರೆ ಮೊದಲ ಕೆಲವು ವಾರ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ, ಅಪಾಯ ಇರುವುದೇ ಅಲ್ಲಿ.

ಎಡ ಹಿಂಚಕ್ರದ ಸಿಲಿಂಡರ್ ಈಗಾಗಲೇ ಒಸರುತ್ತಿರುವುದರಿಂದ ಅದರಲ್ಲಿ ಗುಳಿ ಇದ್ದೇ ಇರುತ್ತದೆಂದು ಭಾವಿಸಿ ಹೊರಡುವುದು ಮೇಲು. ಒಂದನ್ನು ಬದಲಿಸಿದರೆ ಅದೇ ಆಕ್ಸಲಿನ ಇನ್ನೊಂದನ್ನೂ ಬದಲಿಸಿ.

ಲೇತ್‌ಮನೆ ನೀಡಿದ ಉತ್ತರ

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಸ್ಲೀವ್ ಹಾಕುವ ಕೆಲಸ ನನಗೆ ಹತ್ತಿರದ್ದಾದ್ದರಿಂದ ಆ ಭಾಗವನ್ನು ಮಾತ್ರ ವಿಸ್ತರಿಸುತ್ತೇನೆ.

ಹಳೆಯ ಎರಕದ ಸಿಲಿಂಡರನ್ನು ಬಿಸಾಡುವ ಮೊದಲು ಯೋಚಿಸಿ. ಆ ಕಾಲದ ಎರಕ ದಪ್ಪವಾಗಿದೆ, ಅದರ ಕಿವಿಗಳು, ಬೋಲ್ಟಿನ ರಂಧ್ರಗಳು, ಪೈಪ್ ಜೋಡಣೆಯ ಕೋನ ಎಲ್ಲವೂ ನಿಮ್ಮ ಗಾಡಿಗೆ ಸರಿಯಾಗಿ ಕೂರುತ್ತವೆ ಎಂಬುದು ಈಗಾಗಲೇ ರುಜುವಾತಾಗಿದೆ. ಕೆಟ್ಟಿರುವುದು ಒಳಮೈಯ ಒಂದು ತೆಳುವಾದ ಪದರ ಮಾತ್ರ. ಬೋರನ್ನು ಲೇತ್‌ನಲ್ಲಿ ಅಥವಾ ಬೋರಿಂಗ್ ಯಂತ್ರದಲ್ಲಿ ದೊಡ್ಡದು ಮಾಡಿ, ಸ್ಟೇನ್‌ಲೆಸ್ ಸ್ಟೀಲಿನ ಅಥವಾ ಹಿತ್ತಾಳೆಯ ಕೊಳವೆಯನ್ನು ಒತ್ತಿ ಕೂರಿಸಿ, ಅದರ ಒಳಮೈಯನ್ನು ಮೂಲ ಅಳತೆಗೆ ಹೋನ್ ಮಾಡಿದರೆ ಮತ್ತೆ ತುಕ್ಕು ಹಿಡಿಯದ ಬೋರ್ ಸಿಗುತ್ತದೆ. ಎರಡು ಲೋಹಗಳಲ್ಲಿ ಯಾವುದು ಮೇಲು ಎಂಬ ವಾದ ಬಹಳ ಕಾಲದಿಂದ ನಡೆದಿದೆ. ಸ್ಟೇನ್‌ಲೆಸ್ ಗಟ್ಟಿ, ಸವೆತ ಕಡಿಮೆ. ಹಿತ್ತಾಳೆಗೆ ನುಣುಪು ಮೈ ಕೊಡುವುದು ಸುಲಭ. ಎರಕದ ಕಬ್ಬಿಣದ ಸಿಲಿಂಡರಿಗೆ ನಾನು ಸ್ಟೇನ್‌ಲೆಸ್ ಅನ್ನೇ ಆರಿಸುತ್ತೇನೆ, ಆದರೆ ಹಿತ್ತಾಳೆ ಹಾಕಿಸಿದವರು ತಪ್ಪು ಮಾಡಿದರೆಂದು ಹೇಳುವುದಿಲ್ಲ. ಕೆಲಸಗಾರನ ಕೈ ಲೋಹಕ್ಕಿಂತ ಮುಖ್ಯ.

ಆ ಕೈ ಪರೀಕ್ಷೆಗೊಳಗಾಗುವುದು ಒಂದು ಪುಟ್ಟ ರಂಧ್ರದಲ್ಲಿ. ಮಾಸ್ಟರ್ ಸಿಲಿಂಡರಿನಲ್ಲಿ ಟ್ಯಾಂಕಿನಿಂದ ಬೋರಿಗೆ ಇಳಿಯುವ ದಾರಿಗಳು ಎರಡಿರುತ್ತವೆ. ದೊಡ್ಡದು ಪಿಸ್ಟನ್ನಿನ ಹಿಂಭಾಗಕ್ಕೆ ದ್ರವ ಒದಗಿಸುತ್ತದೆ. ಚಿಕ್ಕದು, ಒಂದು ಮಿಲಿಮೀಟರಿಗಿಂತಲೂ ಕಿರಿದಾದದ್ದು, ಪೆಡಲ್ ಪೂರ್ತಿ ಬಿಟ್ಟಿರುವಾಗ ಮುಖ್ಯ ಕಪ್ಪಿನ ಅಂಚಿನ ಮುಂದೆಯೇ ಕೂದಲೆಳೆಯ ಅಂತರದಲ್ಲಿ ತೆರೆದಿರುತ್ತದೆ. ಬಿಸಿಯಾಗಿ ಹಿಗ್ಗಿದ ದ್ರವ ಟ್ಯಾಂಕಿಗೆ ಮರಳುವುದು ಇದರ ಮೂಲಕವೇ. ಸ್ಲೀವ್ ಹಾಕಿದಾಗ ಈ ಎರಡೂ ಮುಚ್ಚಿಹೋಗುತ್ತವೆ, ಸ್ಲೀವಿನಲ್ಲಿ ಅವನ್ನು ಮತ್ತೆ ಅದೇ ಸ್ಥಾನದಲ್ಲಿ ಕೊರೆಯಬೇಕು. ಚಿಕ್ಕ ರಂಧ್ರ ಸ್ವಲ್ಪ ಹಿಂದಕ್ಕೆ ಸರಿದರೂ ಕಪ್ ಅದನ್ನು ಸದಾ ಮುಚ್ಚಿಕೊಂಡಿರುತ್ತದೆ; ಆಗ ಓಡುತ್ತಾ ಓಡುತ್ತಾ ನಾಲ್ಕೂ ಬ್ರೇಕುಗಳು ತಾವಾಗಿಯೇ ಹಿಡಿದುಕೊಳ್ಳತೊಡಗುತ್ತವೆ. ದೊಡ್ಡದಾಗಿ ಕೊರೆದರೆ ಅಥವಾ ಅಂಚಿನಲ್ಲಿ ಮುಳ್ಳು ಉಳಿದರೆ ಪ್ರತಿ ಒತ್ತಿಗೂ ಕಪ್ಪಿನ ತುಟಿಯಿಂದ ಒಂದೊಂದು ಚೂರು ಕೆತ್ತಿಹೋಗುತ್ತದೆ. ಸ್ಲೀವ್ ಹಾಕಿಸಿ ತಂದ ಸಿಲಿಂಡರಿನೊಳಗೆ ಬೆಳಕು ಬಿಟ್ಟು ಈ ರಂಧ್ರದ ಅಂಚನ್ನು ಭೂತಗನ್ನಡಿಯಲ್ಲಿ ನೋಡದೆ ಜೋಡಿಸಬೇಡಿ. ತೆಳುವಾದ ಒಂದೇ ಎಳೆಯ ತಂತಿ ಟ್ಯಾಂಕಿನ ಕಡೆಯಿಂದ ಸಲೀಸಾಗಿ ಇಳಿಯಬೇಕು.

ಹೊಸ ಬದಲಿ ಸಿಲಿಂಡರುಗಳನ್ನು ನಾನು ಸಾರಾಸಗಟಾಗಿ ತಿರಸ್ಕರಿಸುವುದಿಲ್ಲ. ಚೆನ್ನಾಗಿರುವವೂ ಇವೆ. ವೀಲ್ ಸಿಲಿಂಡರುಗಳ ಮಟ್ಟಿಗೆ ಹೊಸದನ್ನು ಕೊಳ್ಳುವುದೇ ವಿವೇಕ, ಏಕೆಂದರೆ ಅವುಗಳ ರಚನೆ ಸರಳ. ಆದರೆ ಪೆಟ್ಟಿಗೆಯಿಂದ ತೆಗೆದ ಹೊಸ ಭಾಗವನ್ನೂ ಒಮ್ಮೆ ಬಿಚ್ಚಿ, ಒಳಗೆ ಲೋಹದ ಪುಡಿ ಉಳಿದಿಲ್ಲವೆಂದು ನೋಡಿ, ಸ್ವಚ್ಛ ದ್ರವದಲ್ಲಿ ತೊಳೆದು ಮತ್ತೆ ಜೋಡಿಸುವುದನ್ನು ರೂಢಿ ಮಾಡಿಕೊಳ್ಳಿ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಹಳೆಯ ದಾಸ್ತಾನಿನ ಸೀಲುಗಳು ಮೂಲ ಕಂಪನಿಯ ಪೆಟ್ಟಿಗೆಯಲ್ಲಿ ಇದ್ದರೂ ಬೇಡ. ರಬ್ಬರಿಗೆ ಪೆಟ್ಟಿಗೆಯೊಳಗೂ ವಯಸ್ಸಾಗುತ್ತದೆ.

ಬದಲಿ ಮಾಸ್ಟರ್ ಸಿಲಿಂಡರ್ ಕೊಳ್ಳುವುದಾದರೆ ಬೋರಿನ ವ್ಯಾಸವನ್ನು ತಪ್ಪದೆ ಅಳೆಯಿರಿ. ಹೊರನೋಟಕ್ಕೆ ಒಂದೇ ಥರ ಇರುವ ಸಿಲಿಂಡರುಗಳಲ್ಲಿ 3/4 ಇಂಚಿನವೂ 7/8 ಇಂಚಿನವೂ ಇರುತ್ತವೆ. ವ್ಯಾಸದ ಅಂತರ 1/8 ಇಂಚು ಮಾತ್ರವಾದರೂ ಪಿಸ್ಟನ್ನಿನ ಮುಖದ ವಿಸ್ತೀರ್ಣದಲ್ಲಿ ಶೇ. 36ರಷ್ಟು ಹೆಚ್ಚಳವಾಗುತ್ತದೆ, ಅಂದರೆ ಅದೇ ಒತ್ತಡ ಹುಟ್ಟಿಸಲು ಕಾಲು ಅಷ್ಟೇ ಹೆಚ್ಚು ಬಲ ಹಾಕಬೇಕಾಗುತ್ತದೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದೆ, ಗಾಡಿ ಮಾತ್ರ ನಿಲ್ಲುತ್ತಿಲ್ಲ ಎಂಬ ದೂರಿಗೆ ಎಷ್ಟೋ ಸಲ ಕಾರಣ ಇದೇ.

ಹಳೆಯಚಕ್ರ

ಇಬ್ಬರಿಗೂ ಧನ್ಯವಾದಗಳು. ನೀವು ಹೇಳಿದ ಕ್ರಮದಲ್ಲಿಯೇ ನೋಡಿದೆ.

ಬಲ ಮುಂಚಕ್ರ ಬಿಗಿಯಾಗಿದ್ದಾಗ ನಿಪ್ಪಲ್ ಸಡಿಲಿಸಿದ ಕ್ಷಣದಲ್ಲೇ ಚಕ್ರ ಬಿಟ್ಟಿತು; ಉಳಿದ ಮೂರು ಚಕ್ರಗಳಲ್ಲಿ ಹೀಗಾಗಲಿಲ್ಲ. ಆ ಹೋಸ್ ತೆಗೆದು ಉದ್ದಕ್ಕೆ ಸೀಳಿದಾಗ ಒಳಪದರ ಒಂದು ಬದಿಯಿಂದ ನಾಲಿಗೆಯಂತೆ ಎದ್ದು ನಿಂತಿತ್ತು. ಮಾಸ್ಟರ್ ಸಿಲಿಂಡರಿನ ಬೋರಿನ ತಳದಲ್ಲಿ, ಕಪ್ ಕೂತಿದ್ದ ಜಾಗದಲ್ಲೇ, ಉಗುರಿಗೆ ಸ್ಪಷ್ಟವಾಗಿ ಸಿಗುವ ಗುಳಿಗಳಿವೆ. ಆದ್ದರಿಂದ ಅದಕ್ಕೆ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಲು ನಿರ್ಧರಿಸಿದ್ದೇನೆ. ಹಿಂದಿನ ಎರಡೂ ವೀಲ್ ಸಿಲಿಂಡರುಗಳಿಗೆ ಹೊಸವು ಬರಲಿವೆ. ಮುಂದಿನ ನಾಲ್ಕು ಸಿಲಿಂಡರುಗಳ ಬೋರ್ ಮಾತ್ರ ಆಶ್ಚರ್ಯವೆನಿಸುವಷ್ಟು ನುಣುಪಾಗಿವೆ, ಅವುಗಳಿಗೆ ಸೀಲ್ ಕಿಟ್ ಸಾಕೆಂದು ತೋರುತ್ತದೆ.

ಉಳಿದಿರುವ ಪ್ರಶ್ನೆಗಳು: ಲೋಹದ ಪೈಪುಗಳು ಹೊರಗಿನಿಂದ ಚೆನ್ನಾಗಿವೆ, ಅವನ್ನು ಉಳಿಸಿಕೊಳ್ಳಬಹುದೇ? ದ್ರವ ಯಾವುದು? ಹಾಗೆಯೇ ಜೋಡಿಸುವಾಗ ಈ ಗಾಡಿಯಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಏನಾದರೂ ಇದೆಯೇ?

ಡ್ರಮ್‌ಶೂ ನೀಡಿದ ಉತ್ತರ

ದ್ರವದಿಂದ ಆರಂಭಿಸುತ್ತೇನೆ, ಏಕೆಂದರೆ ಸೀಲ್ ಜೋಡಿಸುವ ಮೊದಲೇ ಆಗಬೇಕಾದ ತೀರ್ಮಾನ ಅದು.

ಡಾಟ್ 3, ಡಾಟ್ 4, ಡಾಟ್ 5.1 ಈ ಮೂರೂ ದರ್ಜೆಯ ಬ್ರೇಕ್ ದ್ರವಗಳು ಗ್ಲೈಕಾಲ್ ಜಾತಿಯವು, ಒಂದರೊಡನೊಂದು ಬೆರೆಯುತ್ತವೆ. ಡಾಟ್ 5 ಮಾತ್ರ ಸಿಲಿಕೋನ್. ಸಂಖ್ಯೆ ಹತ್ತಿರವಿದೆಯೆಂದು 5 ಮತ್ತು 5.1 ಅನ್ನು ಒಂದೇ ಎಂದು ತಿಳಿಯುವುದು ಅಪಾಯಕಾರಿ. ಗ್ಲೈಕಾಲ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4ರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದ್ದರೆ, ಶೇ. 3.7ರಷ್ಟು ನೀರು ಸೇರಿದಾಗ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಹಿಡಿದಾಗ ದ್ರವ ಕುದಿದು ಆವಿಯಾದರೆ ಪೆಡಲ್ ಒಮ್ಮೆಲೇ ನೆಲ ಸೇರುತ್ತದೆ. ಬಣ್ಣವನ್ನೂ ಅದು ಕಿತ್ತುಹಾಕುತ್ತದೆ. ಚೆಲ್ಲಿದರೆ ಒರೆಸುವುದಕ್ಕಿಂತ ಮೊದಲು ಧಾರಾಳವಾಗಿ ನೀರು ಹಾಕಿ ತೊಳೆಯಿರಿ.

ಸಿಲಿಕೋನ್ ತೇವ ಹೀರುವುದಿಲ್ಲ, ಬಣ್ಣಕ್ಕೆ ಹಾನಿ ಮಾಡುವುದಿಲ್ಲ. ವರ್ಷದ ಬಹುಪಾಲು ನಿಂತೇ ಇರುವ ಗಾಡಿಗೆ ಇದು ಆಕರ್ಷಕವೆನಿಸುವುದು ಸಹಜ. ಆದರೆ ಅದು ತನ್ನೊಳಗೆ ಸಣ್ಣ ಗಾಳಿಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಪೆಡಲ್ ಒಂದಿಷ್ಟು ಮೆತ್ತಗಾಗುತ್ತದೆ, ಒಳಗೆ ಸೇರಿದ ನೀರು ಅದರೊಡನೆ ಬೆರೆಯದೆ ತಗ್ಗಿನಲ್ಲಿ ನಿಂತು ಆ ಜಾಗವನ್ನೇ ತಿನ್ನುತ್ತದೆ. ನಿಮ್ಮ ಗಾಡಿಯ ಬ್ರೇಕ್ ದೀಪದ ಸ್ವಿಚ್ ದ್ರವದ ಒತ್ತಡದಿಂದಲೇ ಕೆಲಸ ಮಾಡುವಂಥದ್ದು. ಸಿಲಿಕೋನ್ ತುಂಬಿದ ಮೇಲೆ ಇಂಥ ಸ್ವಿಚ್ಚುಗಳು ಬೇಗ ಕೈಕೊಡುತ್ತವೆ ಎಂಬುದು ಹಳೆಯ ಗಾಡಿಗಳನ್ನು ಇಟ್ಟುಕೊಂಡವರಲ್ಲಿ ಹಲವರ ಅನುಭವ. ಹಾಗೆಂದು ಸಿಲಿಕೋನ್ ಕೂಡದೆಂದಲ್ಲ. ಎಲ್ಲ ರಬ್ಬರುಗಳೂ ಹೊಸದಾಗಿದ್ದು, ಪೈಪುಗಳೆಲ್ಲ ಒಣಗಿದ್ದಾಗ ಮಾತ್ರ ಅದಕ್ಕೆ ಬದಲಾಗಬಹುದು. ಹಳೆಯ ಗ್ಲೈಕಾಲಿನ ಮೇಲೆ ಸುರಿಯುವಂತಿಲ್ಲ. ನನ್ನ ಆಯ್ಕೆ ಡಾಟ್ 4, ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಬೇಕೆಂಬ ಶಿಸ್ತಿನೊಡನೆ. ಆ ಶಿಸ್ತು ಪಾಲಿಸಿದರೆ ಬೋರಿನಲ್ಲಿ ಗುಳಿ ಬೀಳುವ ಪ್ರಸಂಗವೇ ಬಹುಮಟ್ಟಿಗೆ ತಪ್ಪುತ್ತದೆ.

ಹೋಸ್‌ಗಳನ್ನು ಒಂದನ್ನಲ್ಲ, ಎಲ್ಲವನ್ನೂ ಬದಲಿಸಿ. ಉಕ್ಕಿನ ಪೈಪುಗಳ ವಿಷಯದಲ್ಲಿ ಹೊರನೋಟವನ್ನು ನಂಬುವಂತಿಲ್ಲ. ಕ್ಲಿಪ್ಪುಗಳ ಅಡಿಯಲ್ಲಿ ಕೆಸರು ಕೂತು, ಅಲ್ಲಿಯೇ ತೆಳುವಾಗಿರುತ್ತದೆ. ಇಷ್ಟೆಲ್ಲ ಬಿಚ್ಚಿರುವಾಗ 3/16 ಇಂಚಿನ ತಾಮ್ರ-ನಿಕೆಲ್ ಮಿಶ್ರಲೋಹದ ಪೈಪು ಹಾಕಿಬಿಡಿ. ಅದು ತುಕ್ಕು ಹಿಡಿಯುವುದಿಲ್ಲ, ಬಗ್ಗಿಸಲು ಸುಲಭ, ಬರೀ ತಾಮ್ರದಂತೆ ಅದುರಿ ಅದುರಿ ಬಿರಿಯುವ ಭಯವೂ ಕಡಿಮೆ. ಪ್ರತಿ ಜೋಡಣೆಯಲ್ಲಿ ಹಳೆಯ ಪೈಪಿನ ತುದಿ ಗುಳ್ಳೆಯಾಕಾರದ್ದೋ ಒಳಕ್ಕೆ ಮಡಚಿದ ಎರಡು ಪದರದ್ದೋ ಎಂದು ನೋಡಿ, ಹೊಸ ಪೈಪಿಗೂ ಅದನ್ನೇ ಮಾಡಿ. ಒಂದರ ಜಾಗದಲ್ಲಿ ಇನ್ನೊಂದನ್ನು ಬಿಗಿದರೆ ಎಷ್ಟು ಬಿಗಿದರೂ ಒಸರುತ್ತದೆ.

ಇನ್ನು ಡ್ರಮ್ಮಿನೊಳಗಿನ ಧೂಳು. 1963ರ ಗಾಡಿಯಲ್ಲಿ ಲೈನಿಂಗ್ (ಶೂಗಳ ಮೇಲಿನ ಉಜ್ಜುವ ಪದರ) ಯಾವ ಕಾಲದ್ದೆಂದು ತಿಳಿಯದಿದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇದೆಯೆಂದೇ ಭಾವಿಸಬೇಕು. ಗಾಳಿ ಊದಿ ಸ್ವಚ್ಛಗೊಳಿಸುವುದು, ಒಣ ಬ್ರಷ್‌ನಿಂದ ಉಜ್ಜುವುದು, ಲೈನಿಂಗನ್ನು ಮರಳುಕಾಗದದಲ್ಲಿ ತಿಕ್ಕುವುದು ಇವು ಯಾವುವನ್ನೂ ಮಾಡಬೇಡಿ. ಸೂಕ್ಷ್ಮ ಕಣಗಳನ್ನು ತಡೆಯುವ ಮುಖಗವಸು ಧರಿಸಿ, ನೀರು ಸಿಂಪಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಮುಚ್ಚಿ ವಿಲೇವಾರಿ ಮಾಡಿ. ದ್ರವ ಕುಡಿದ ಎಡ ಹಿಂಚಕ್ರದ ಶೂಗಳನ್ನು ತೊಳೆದು ಮತ್ತೆ ಬಳಸುವ ಆಸೆ ಬೇಡ, ಎರಡೂ ಕಡೆ ಹೊಸ ಶೂಗಳನ್ನೇ ಹಾಕಿ.

ಬೋರ್‌ಗೇಜ್

ಜೋಡಣೆಯ ಬಗ್ಗೆ ಕೇಳಿದ್ದೀರಿ. ಮೈನರ್‌ನಲ್ಲಿ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲ ಕೆಳಗೆ, ಚಾಸಿಸ್ ತೊಲೆಯೊಳಗೆ ಅಡಗಿರುವುದರಿಂದಲೇ ಅದು ಇಷ್ಟು ನಿರ್ಲಕ್ಷ್ಯಕ್ಕೆ ಒಳಗಾಗುವುದು. ನೆಲಹಾಸು ಎತ್ತಿ, ಮುಚ್ಚಳದ ತಗಡು ತೆಗೆದು ದ್ರವ ನೋಡಬೇಕು. ಟ್ಯಾಂಕಿನ ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಧೂಳನ್ನು ಚೆನ್ನಾಗಿ ಒರೆಸದಿದ್ದರೆ ಅದೆಲ್ಲ ಒಳಗೇ ಬೀಳುತ್ತದೆ. ಮತ್ತೆ ಕೂರಿಸುವಾಗ ಪಕ್ಕದ ಟಾರ್ಷನ್ ಬಾರ್ ಬೋಲ್ಟುಗಳ ದಾರಿಗೆ ಅಡ್ಡ ಬರುತ್ತದೆ. ಆ ಬಾರ್ ಗಾಡಿಯ ಮುಂಭಾಗದ ಭಾರವನ್ನು ಹೊತ್ತು ತಿರುಚಿಕೊಂಡಿರುತ್ತದೆ. ಅದರ ಬಿಗಿತವನ್ನು ಕ್ರಮಬದ್ಧವಾಗಿ ಇಳಿಸದೆ ಸನ್ನೆಕೋಲು ಹಾಕಿ ಸರಿಸಲು ಎಂದೂ ಪ್ರಯತ್ನಿಸಬೇಡಿ.

ಸಿಲಿಂಡರಿನೊಳಗೆ ಪಿಸ್ಟನ್ ಮತ್ತು ಮುಖ್ಯ ಕಪ್ಪಿನ ನಡುವೆ ಕಾಗದದಷ್ಟು ತೆಳುವಾದ, ಸ್ವಲ್ಪ ಬಾಗಿದ ಲೋಹದ ವಾಷರ್ ಒಂದಿರುತ್ತದೆ. ಪಿಸ್ಟನ್ನಿನ ತಲೆಯಲ್ಲಿರುವ ಸಣ್ಣ ರಂಧ್ರಗಳೊಳಕ್ಕೆ ರಬ್ಬರ್ ಒತ್ತಿ ಹೋಗದಂತೆ ತಡೆಯುವುದು ಅದರ ಕೆಲಸ. ಬಿಚ್ಚುವಾಗ ಕಪ್ಪಿಗೆ ಅಂಟಿಕೊಂಡು ಅದರೊಡನೆಯೇ ಕಸಕ್ಕೆ ಹೋಗಿಬಿಡುವ ಭಾಗ ಇದು. ಯಾವ ಮುಖ ಯಾವ ಕಡೆಗಿತ್ತೆಂದು ಬಿಚ್ಚುವಾಗಲೇ ಚಿತ್ರ ತೆಗೆದಿಟ್ಟುಕೊಂಡಿದ್ದರೆ ಒಳ್ಳೆಯದು, ಇಲ್ಲವಾದರೆ ಕಾರ್ಖಾನೆಯ ಕೈಪಿಡಿಯ ಚಿತ್ರ ನೋಡಿ. ಸ್ಪ್ರಿಂಗಿನ ತುದಿಯಲ್ಲಿರುವ ಪುಟ್ಟ ಕವಾಟವನ್ನೂ ಬಿಡಬೇಡಿ. ಪೆಡಲ್ ಬಿಟ್ಟ ಮೇಲೂ ಪೈಪುಗಳಲ್ಲಿ ಅಲ್ಪ ಒತ್ತಡ ಉಳಿಸಿ, ವೀಲ್ ಸಿಲಿಂಡರಿನ ಕಪ್ಪುಗಳ ತುಟಿಗಳು ಬೋರಿಗೆ ತಾಗಿಯೇ ಇರುವಂತೆ ಅದು ನೋಡಿಕೊಳ್ಳುತ್ತದೆ. ಮುಂದೆಂದಾದರೂ ಮುಂಚಕ್ರಗಳಿಗೆ ಡಿಸ್ಕ್ ಹಾಕಿಸಿದರೆ ಮಾತ್ರ ಈ ಕವಾಟ ಹಾಗೆಯೇ ಇರುವಂತಿಲ್ಲ, ಪ್ಯಾಡುಗಳು ಸದಾ ಉಜ್ಜುತ್ತವೆ.

ಸೀಲುಗಳನ್ನು ಸ್ವಚ್ಛ ಬ್ರೇಕ್ ದ್ರವದಲ್ಲಿ ಅದ್ದಿ, ಬೆರಳಿನಿಂದಲೇ ಕೂರಿಸಿ, ಸ್ಕ್ರೂಡ್ರೈವರ್ ತಾಗಬಾರದು. ಬೂಟುಗಳ ಒಳಗೆ ಬ್ರೇಕ್ ರಬ್ಬರಿಗೆಂದೇ ಇರುವ ಕೆಂಪು ಗ್ರೀಸ್ ಮಾತ್ರ ಬಳಸಿ. ಕೂರಿಸಿದ ಮೇಲೆ ಪೆಡಲಿನ ತಳ್ಳುಕಡ್ಡಿಗೂ ಪಿಸ್ಟನ್ನಿಗೂ ನಡುವೆ ಕೊಂಚ ಸಡಿಲು ಇರಲೇಬೇಕು. ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿದಾಗ ಮೊದಲು ಖಾಲಿ ಚಲನೆ, ಆಮೇಲೆ ಪಿಸ್ಟನ್ ತಾಗಿದ ಅನುಭವ ಸಿಗಬೇಕು. ಸಡಿಲು ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಲೇತ್‌ಮನೆಯವರು ವಿವರಿಸಿದ ಆ ಚಿಕ್ಕ ರಂಧ್ರ ಎಷ್ಟೇ ಚೆನ್ನಾಗಿ ಕೊರೆದಿದ್ದರೂ ಮುಚ್ಚಿಯೇ ಇರುತ್ತದೆ.

ಗಾಳಿ ತೆಗೆಯುವ ಮೊದಲು ಎಲ್ಲ ಚಕ್ರಗಳ ಶೂಗಳನ್ನು ಡ್ರಮ್ಮಿಗೆ ಬಿಗಿಯಾಗಿ ತಾಗುವವರೆಗೆ ಹೊರಕ್ಕೆ ಹೊಂದಿಸಿ. ಪಿಸ್ಟನ್ನುಗಳು ಚಲಿಸಲು ಜಾಗವಿಲ್ಲದಿದ್ದಾಗ ತಳ್ಳಿದ ದ್ರವವೆಲ್ಲ ನಿಪ್ಪಲಿನ ಕಡೆಗೇ ಹೋಗುತ್ತದೆ, ಗಾಳಿ ಬೇಗ ಹೊರಬರುತ್ತದೆ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸಿ ಹತ್ತಿರಕ್ಕೆ ಬನ್ನಿ. ಪೆಡಲನ್ನು ನಿಧಾನವಾಗಿ ಒತ್ತಬೇಕು. ರಭಸದಿಂದ ಒತ್ತಿದರೆ ಗಾಳಿ ನುಣ್ಣನೆಯ ನೊರೆಯಾಗಿ ದ್ರವದಲ್ಲೇ ಸೇರಿಕೊಳ್ಳುತ್ತದೆ. ಮುಗಿದ ಮೇಲೆ ಶೂಗಳನ್ನು ಚಕ್ರ ಮುಕ್ತವಾಗಿ ತಿರುಗುವಷ್ಟು ಮಾತ್ರ ಸಡಿಲಿಸಿ. ಮುಂಚಕ್ರಗಳಲ್ಲಿ ಒಂದೊಂದಕ್ಕೂ ಎರಡು ಹೊಂದಾಣಿಕೆಗಳಿವೆ ಎಂಬುದನ್ನು ಮರೆತು ಒಂದನ್ನೇ ತಿರುಗಿಸಿ ಬಿಡುವವರಿದ್ದಾರೆ.

ಅದೇ ಮುಂಚಕ್ರಗಳ ಇನ್ನೊಂದು ಗುಣವನ್ನೂ ತಿಳಿದಿರಿ. ಅಲ್ಲಿನ ಎರಡೂ ಶೂಗಳು ಡ್ರಮ್ ತಿರುಗುವ ದಿಕ್ಕಿನಲ್ಲಿಯೇ ಕಚ್ಚುವಂತೆ ಜೋಡಣೆಯಾಗಿವೆ, ಆದ್ದರಿಂದ ಮುಂದಕ್ಕೆ ಹೋಗುವಾಗ ಬ್ರೇಕ್ ತಾನೇ ತನ್ನ ಹಿಡಿತವನ್ನು ಹೆಚ್ಚಿಸಿಕೊಳ್ಳುತ್ತದೆ. ಹಿಂದಕ್ಕೆ ಉರುಳುವಾಗ ಆ ಸಹಾಯ ಸಿಗುವುದಿಲ್ಲ, ಅದೇ ಪೆಡಲಿನ ಹಿಡಿತ ದುರ್ಬಲವೆನಿಸುತ್ತದೆ. ಅದು ನಿಮ್ಮ ಜೋಡಣೆಯ ದೋಷವಲ್ಲ.

ಹಳೆಯಚಕ್ರ

ಇದರೊಡನೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರಿಗೆ ಬದಲಾಗುವುದು ಒಳ್ಳೆಯದೆಂದು ಒಬ್ಬರು ಸಲಹೆ ನೀಡಿದ್ದಾರೆ. ಅದು ಅಗತ್ಯವೇ?

ಡ್ರಮ್‌ಶೂ

ಅಗತ್ಯವೆಂದು ಹೇಳಲಾರೆ, ಅನಗತ್ಯವೆಂದೂ ಹೇಳಲಾರೆ. ನಿಮ್ಮ ಗಾಡಿಯಲ್ಲಿ ಆರು ವೀಲ್ ಸಿಲಿಂಡರುಗಳಿಗೂ ಒಂದೇ ದ್ರವದ ದಾರಿ, ಎಲ್ಲಿಯೇ ಒಂದು ಕಡೆ ಹರಿದರೂ ಪೆಡಲ್ ಪೂರ್ತಿ ಸತ್ತುಹೋಗುತ್ತದೆ. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಎರಡು ಭಾಗವಾಗಿ ಒಡೆದ ವ್ಯವಸ್ಥೆಯನ್ನು ಕಡ್ಡಾಯ ಮಾಡಿದ್ದಕ್ಕೆ ಕಾರಣವೂ ಇದೇ. ಆದರೆ ಪರಿವರ್ತನೆಯೆಂದರೆ ಸಿಲಿಂಡರೊಂದನ್ನು ಬದಲಿಸಿದಂತಲ್ಲ. ಬೋರಿನ ವ್ಯಾಸ, ಪೆಡಲಿನ ಚಲನೆ, ಮುಂದಿನ ಹಿಂದಿನ ಚಕ್ರಗಳ ಹಂಚಿಕೆ, ಕೂರಿಸುವ ಜಾಗ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಅರೆಬರೆಯಾಗಿ ಮಾಡಿದ ಎರಡು ಸರ್ಕ್ಯೂಟಿಗಿಂತ ಚೊಕ್ಕವಾಗಿ ಪುನಃಸ್ಥಾಪಿಸಿದ ಒಂದು ಸರ್ಕ್ಯೂಟನ್ನು ನಾನು ಹೆಚ್ಚು ನಂಬುತ್ತೇನೆ.

ಆದರೆ ಹಾಗೆ ನಂಬಬೇಕಾದರೆ ಹ್ಯಾಂಡ್ ಬ್ರೇಕ್ ಅಷ್ಟೇ ಚೆನ್ನಾಗಿರಬೇಕು. ದ್ರವವಿಲ್ಲದಾಗ ಗಾಡಿಯನ್ನು ನಿಲ್ಲಿಸಬಲ್ಲದ್ದು ಅದೊಂದೇ. ಕೇಬಲ್ಲುಗಳ ಎಳೆಗಳು ತುಂಡಾಗಿಲ್ಲವೆಂದು ನೋಡಿ, ಹಿಂದಿನ ಬ್ಯಾಕ್ ಪ್ಲೇಟಿನ ಸನ್ನೆಗಳು ತುಕ್ಕಿನಿಂದ ಹಿಡಿದಿಲ್ಲವೆಂದು ಖಚಿತಪಡಿಸಿಕೊಳ್ಳಿ, ಮೊದಲು ಶೂಗಳನ್ನು ಹೊಂದಿಸಿ ಆಮೇಲೆ ಕೇಬಲ್ ಬಿಗಿಯಿರಿ. ಕ್ರಮ ತಿರುಗಿಸಿ ಕೇಬಲ್ಲಿನಿಂದಲೇ ಶೂಗಳ ಸಡಿಲನ್ನು ತುಂಬಿದರೆ ಪೆಡಲ್ ಗಟ್ಟಿಯಾದಂತೆ ಕಾಣುತ್ತದೆ, ಆದರೆ ಶೂಗಳು ಓಡುವಾಗಲೂ ಉಜ್ಜುತ್ತಿರುತ್ತವೆ.

ಪರೀಕ್ಷೆಯನ್ನು ನಿಂತ ಗಾಡಿಯಲ್ಲಿಯೇ ಆರಂಭಿಸಿ. ಪೆಡಲನ್ನು ಬಲವಾಗಿ ಒತ್ತಿ ಐದು ನಿಮಿಷ ಹಾಗೆಯೇ ಹಿಡಿದಿರಿ, ಇನ್ನೊಬ್ಬರು ಪ್ರತಿ ಜೋಡಣೆಯನ್ನೂ ಒಣ ಬಿಳಿ ಕಾಗದದಿಂದ ಒತ್ತಿ ನೋಡಲಿ. ಕಣ್ಣಿಗೆ ಕಾಣದ ಒಸರು ಕಾಗದಕ್ಕೆ ಅಂಟುತ್ತದೆ. ಪೆಡಲ್ ಇಳಿಯದಿದ್ದರೆ, ಕಾಗದ ಒಣಗಿಯೇ ಇದ್ದರೆ, ಸಮತಟ್ಟಾದ ಖಾಲಿ ಜಾಗದಲ್ಲಿ ನಡಿಗೆಯ ವೇಗದಿಂದ ಶುರುಮಾಡಿ, ಬಲಕ್ಕೋ ಎಡಕ್ಕೋ ಎಳೆಯುತ್ತದೆಯೇ ಎಂದು ಗಮನಿಸಿ. ಸ್ವಲ್ಪ ದೂರ ಓಡಿಸಿದ ಮೇಲೆ ನಾಲ್ಕೂ ಡ್ರಮ್ಮುಗಳ ಹತ್ತಿರ ಅಂಗೈ ಹಿಡಿದು ಬಿಸಿಯನ್ನು ಹೋಲಿಸಿ. ಹೊಸ ಲೈನಿಂಗ್ ಡ್ರಮ್ಮಿಗೆ ಪೂರ್ತಿ ಹೊಂದಿಕೊಳ್ಳುವ ತನಕ ಶೂಗಳ ಸಡಿಲನ್ನು ಮತ್ತೆ ಮತ್ತೆ ಸರಿಪಡಿಸಬೇಕಾಗುತ್ತದೆ. ಅಲ್ಲಿಯವರೆಗೆ ಭಾರ ಹೇರಬೇಡಿ, ಘಟ್ಟದ ಇಳಿಜಾರಿಗೂ ಹೋಗಬೇಡಿ.